ಜೆಲ್ಲಿಫಿಶ್ ಎಂಬ ಒಂದೇ ಹೆಸರು ಸಾಲದು: ಜುಹು ಬೀಚ್‌ನಿಂದ ಕಲ್ಪಾಕ್ಕಂ ಅಣುಸ್ಥಾವರದವರೆಗೆ ಭಾರತ ಕಲಿಯಬೇಕಾದ ಪಾಠ

2025ರ ಆಗಸ್ಟ್ 10, ಭಾನುವಾರ ರಾತ್ರಿ. ಉತ್ತರ ಫ್ರಾನ್ಸ್‌ನ ಗ್ರಾವ್‌ಲಿನ್ ಅಣು ವಿದ್ಯುತ್ ಸ್ಥಾವರದ ಮೂರು ರಿಯಾಕ್ಟರ್‌ಗಳು ತಾವಾಗಿಯೇ ನಿಂತವು. ಕೆಲವು ಗಂಟೆಗಳ ಬಳಿಕ ನಾಲ್ಕನೆಯದೂ ಬಂದ್ ಆಯಿತು. ಉಳಿದ ಎರಡು ರಿಯಾಕ್ಟರ್‌ಗಳು ಅದಕ್ಕೂ ಮೊದಲೇ ನಿರ್ವಹಣೆಗಾಗಿ ನಿಂತಿದ್ದವು. ಹೀಗೆ, ತಲಾ 900 ಮೆಗಾವಾಟ್ ಸಾಮರ್ಥ್ಯದ ಆರು ರಿಯಾಕ್ಟರ್‌ಗಳಿರುವ ಇಡೀ ಸ್ಥಾವರ ಸ್ತಬ್ಧವಾಯಿತು. ಸಮುದ್ರದ ನೀರನ್ನು ಒಳಗೆಳೆಯುವ ಪಂಪಿಂಗ್ ಸ್ಟೇಷನ್‌ನ ಫಿಲ್ಟರ್ ಡ್ರಮ್‌ಗಳಲ್ಲಿ ರಾಶಿ ರಾಶಿ ಜೆಲ್ಲಿಫಿಶ್ ಸಿಕ್ಕಿಕೊಂಡಿದ್ದೇ ಇದಕ್ಕೆ ಕಾರಣ. ರಿಯಾಕ್ಟರ್‌ಗಳ ಸುರಕ್ಷತೆಗೆ ಯಾವ ಧಕ್ಕೆಯೂ ಆಗಲಿಲ್ಲ. ಆದರೆ ಮೂಳೆ, ಮೆದುಳು, ಹೃದಯ ಯಾವುದೂ ಇಲ್ಲದ ಪ್ರಾಣಿಯೊಂದು ಅಣುಸ್ಥಾವರವನ್ನೇ ನಿಲ್ಲಿಸಿದ ಸುದ್ದಿ ಜಗತ್ತಿನಾದ್ಯಂತ ಓಡಾಡಿತು.

ಈ ಸುದ್ದಿ ಮುಂಬೈ ಓದುಗರಿಗೆ ಬೇರೊಂದು ನೆನಪು ತಂದಿರಬಹುದು. 2018ರ ಆಗಸ್ಟ್ ಮೊದಲ ವಾರದಲ್ಲಿ ಜುಹು, ಗಿರ್ಗಾಂವ್ ಮೊದಲಾದ ಬೀಚ್‌ಗಳಲ್ಲಿ ಎರಡು ದಿನಗಳಲ್ಲಿ ಸುಮಾರು 150 ಮಂದಿಗೆ 'ಬ್ಲೂ ಬಾಟಲ್' ಕುಟುಕಿದ್ದಾಗಿ ವರದಿಯಾಗಿತ್ತು. 2020ರ ನವೆಂಬರ್‌ನಲ್ಲಿ ಗೋವಾದ ಬೀಚ್‌ಗಳಲ್ಲಿ ಎರಡೇ ದಿನಗಳಲ್ಲಿ 90ಕ್ಕೂ ಹೆಚ್ಚು ಮಂದಿ ಜೆಲ್ಲಿಫಿಶ್ ಕುಟುಕಿ ಚಿಕಿತ್ಸೆ ಪಡೆದರು ಎಂದು ಅಲ್ಲಿನ ಜೀವರಕ್ಷಕ ಸೇವೆ ಹೇಳಿತ್ತು.

ಫ್ರಾನ್ಸ್‌ನ ಸ್ಥಾವರ, ಮುಂಬೈನ ಬೀಚ್, ಗೋವಾದ ಪ್ರವಾಸಿಗರು. ಮೂರೂ ಕಡೆ ಸುದ್ದಿಯಲ್ಲಿ ಬಂದ ಹೆಸರು ಒಂದೇ: ಜೆಲ್ಲಿಫಿಶ್. ಸಮಸ್ಯೆ ಶುರುವಾಗುವುದೇ ಇಲ್ಲಿಂದ. ಇವೆಲ್ಲ ಒಂದೇ ಪ್ರಾಣಿ ಅಲ್ಲ. ಇವುಗಳ ಹುಟ್ಟು ಬೇರೆ, ಬದುಕು ಬೇರೆ, ದಡಕ್ಕೆ ಬರುವ ಕಾರಣವೂ ಬೇರೆ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ಚಿಕಿತ್ಸೆಯೂ ತಪ್ಪುತ್ತದೆ, ಮುನ್ಸೂಚನೆಯೂ ತಪ್ಪುತ್ತದೆ. ಕರಾವಳಿಯಲ್ಲಿ ಬಂದರು ಮತ್ತು ವಿದ್ಯುತ್ ಸ್ಥಾವರಗಳಿಗೆ ಸಾವಿರಾರು ಕೋಟಿ ರೂಪಾಯಿ ಸುರಿಯಲು ಹೊರಟಿರುವ ಭಾರತಕ್ಕೆ 'ಇದು ಯಾವ ಜೆಲ್ಲಿಫಿಶ್?' ಎಂಬ ಪ್ರಶ್ನೆ ಈಗ ಬರೀ ಜೀವಶಾಸ್ತ್ರದ ಪ್ರಶ್ನೆಯಾಗಿ ಉಳಿದಿಲ್ಲ.

ಮೀನಲ್ಲ, ಒಂದೇ ಪ್ರಾಣಿಯೂ ಅಲ್ಲ

ಕನ್ನಡದಲ್ಲಿ ಇದನ್ನು ಲೋಳೆಮೀನು, ಅಂಬಲಿ ಮೀನು ಎನ್ನುತ್ತಾರೆ. ಮಲಯಾಳಂನಲ್ಲಿ 'ಕಡಲ್ ಚೊರಿ', ಅಂದರೆ ಕಡಲಿನ ತುರಿಕೆ. ನೋಡಲು ಹೇಗಿದೆ, ಮುಟ್ಟಿದರೆ ಏನಾಗುತ್ತದೆ ಎಂಬುದರ ಮೇಲೆ ಜನ ಇಟ್ಟ ಹೆಸರುಗಳಿವು. ವಿಜ್ಞಾನದ ಲೆಕ್ಕದಲ್ಲಿ ಇವು ಮೀನಿಗೆ ದೂರದ ನೆಂಟರೂ ಅಲ್ಲ.

ಇವು ಸೇರುವುದು ನೈಡೇರಿಯಾ ಎಂಬ ದೊಡ್ಡ ವಂಶಕ್ಕೆ. ಹವಳ, ಕಡಲ ಹೂವು ಎಂದು ಕರೆಯುವ ಸೀ ಅನಿಮೋನ್, ಪಿಯುಸಿ ಪಠ್ಯದಲ್ಲಿ ಓದಿದ ಹೈಡ್ರಾ ಎಲ್ಲವೂ ಇದೇ ವಂಶದವು. ಈ ವಂಶದಲ್ಲಿ 10 ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಎಲ್ಲದರಲ್ಲೂ ಸಾಮಾನ್ಯವಾಗಿರುವುದು ಕುಟುಕು ಕೋಶ. ಪ್ರತಿ ಕೋಶದೊಳಗೆ ಸುರುಳಿ ಸುತ್ತಿದ ಟೊಳ್ಳು ದಾರವಿರುತ್ತದೆ. ಏನಾದರೂ ತಗುಲಿದರೆ ಅದು ಈಟಿಯಂತೆ ಹೊರಚಿಮ್ಮಿ ವಿಷ ಸೇರಿಸುತ್ತದೆ. ಹೈಡ್ರಾದಲ್ಲಿ ಅಳೆದಾಗ ಈ ಚಿಮ್ಮುವಿಕೆಗೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಸಮಯವೂ ಬೇಕಾಗಿರಲಿಲ್ಲ.

ನಾವು ಜೆಲ್ಲಿಫಿಶ್ ಎಂದು ಕರೆಯುವವು ಮುಖ್ಯವಾಗಿ ಮೂರು ಗುಂಪಿನವು. ಮೊದಲನೆಯದು 'ನಿಜವಾದ ಜೆಲ್ಲಿಫಿಶ್', ಸುಮಾರು 200 ಪ್ರಭೇದಗಳು. ಕೊಡೆಯಾಕಾರದ, ಬಲೆಗೆ ಬೀಳುವ, ಸ್ಥಾವರಗಳ ಪೈಪಿಗೆ ನುಗ್ಗುವ ದೊಡ್ಡ ಗಾತ್ರದವು ಹೆಚ್ಚಾಗಿ ಇವೇ. ಎರಡನೆಯದು ಬಾಕ್ಸ್ ಜೆಲ್ಲಿಫಿಶ್, ಸುಮಾರು 50 ಪ್ರಭೇದಗಳು. ಜೀವಕ್ಕೇ ಅಪಾಯ ತರಬಲ್ಲ ಕೆಲವು ಇದರಲ್ಲಿವೆ. ಮೂರನೆಯದು ಹೈಡ್ರೊಜೋವಾ, ಸಾವಿರಾರು ಪ್ರಭೇದಗಳ ದೊಡ್ಡ ಸಂಸಾರ. ಮುಂಬೈನ ಬ್ಲೂ ಬಾಟಲ್ ಈ ಮೂರನೇ ಗುಂಪಿನದು.

ಜುಹುವಿನಲ್ಲಿ ಕುಟುಕಿದ್ದು ಯಾವುದು?

ಬ್ಲೂ ಬಾಟಲ್‌ನ ವೈಜ್ಞಾನಿಕ ಹೆಸರು ಫೈಸೇಲಿಯಾ. 'ಪೋರ್ಚುಗೀಸ್ ಮ್ಯಾನ್ ಆಫ್ ವಾರ್' ಎಂಬ ಹೆಸರಿನಲ್ಲೂ ಇದು ಪ್ರಸಿದ್ಧ. ಇದನ್ನು ಒಂದು ಪ್ರಾಣಿ ಎನ್ನುವುದೇ ಕಷ್ಟ. ಒಂದೇ ಮೊಟ್ಟೆಯಿಂದ ಹುಟ್ಟಿ, ಒಂದಕ್ಕೊಂದು ಅಂಟಿಕೊಂಡೇ ಬೆಳೆದ ಹಲವು ಘಟಕಗಳ ಒಕ್ಕೂಟ ಇದು. ಕೆಲವು ಘಟಕಗಳ ಕೆಲಸ ಬೇಟೆ, ಕೆಲವದರ ಕೆಲಸ ಜೀರ್ಣಿಸುವುದು, ಇನ್ನು ಕೆಲವದರದು ಸಂತಾನ. ಮೇಲೆ ಗಾಳಿ ತುಂಬಿದ ನೀಲಿ ಚೀಲವೇ ಹಾಯಿ. ಈಜಲು ಬಾರದ ಇದು ಗಾಳಿ ಬೀಸಿದತ್ತ ಸಾಗುತ್ತದೆ. ಮುಂಗಾರಿನ ಗಾಳಿ ದಡದತ್ತ ಬೀಸುವಾಗ ಮುಂಬೈ ಬೀಚ್‌ಗಳಲ್ಲಿ ಇವು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

20ನೇ ಶತಮಾನದ ನಡುವಿನಿಂದ ಈಚೆಗೆ ವಿಜ್ಞಾನಿಗಳು ಜಗತ್ತಿನ ಎಲ್ಲ ಸಾಗರಗಳಲ್ಲಿರುವುದೂ ಒಂದೇ ಫೈಸೇಲಿಯಾ ಪ್ರಭೇದ ಎಂದು ನಂಬಿದ್ದರು. ಗಾಳಿಯ ಮೇಲೆ ಸಾವಿರಾರು ಕಿಲೋಮೀಟರ್ ತೇಲುವ, ಅಡ್ಡಗೋಡೆಯೇ ಇಲ್ಲದ ಸಾಗರದಲ್ಲಿ ಬದುಕುವ ಜೀವಿಗೆ ಬೇರೆ ಬೇರೆ ಪ್ರಭೇದಗಳಾಗಿ ಒಡೆಯಲು ಅವಕಾಶ ಎಲ್ಲಿದೆ ಎಂಬುದು ಅವರ ತರ್ಕವಾಗಿತ್ತು.

2025ರಲ್ಲಿ 'ಕರೆಂಟ್ ಬಯಾಲಜಿ' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಚರ್ಚ್, ಕೇಸಿ ಡನ್ ಮತ್ತು ಹಲವು ದೇಶಗಳ ಸಹೋದ್ಯೋಗಿಗಳು ವಿವಿಧ ಸಾಗರಗಳಿಂದ ಸಂಗ್ರಹಿಸಿದ 151 ಮಾದರಿಗಳ ಜೀನೋಮ್ ಓದಿದರು. ಫೈಸೇಲಿಯಾದಲ್ಲಿ ಕನಿಷ್ಠ ನಾಲ್ಕು ಪ್ರಭೇದಗಳಿವೆ, ಅವು ಒಂದೇ ನೀರಿನಲ್ಲಿ ತೇಲಿದರೂ ಪರಸ್ಪರ ಬೆರೆಯುವುದು ಕಡಿಮೆ ಎಂಬುದು ಅವರ ತೀರ್ಮಾನ. ಇವುಗಳಲ್ಲಿ ಎರಡಕ್ಕೆ 18ನೇ ಶತಮಾನದ ಕೊನೆ ಮತ್ತು 19ನೇ ಶತಮಾನದ ಆರಂಭದಲ್ಲೇ ಬೇರೆ ಹೆಸರು ಇಡಲಾಗಿತ್ತು. ನಂತರ ಬಂದವರು ಆ ಹೆಸರುಗಳನ್ನು ಕೈಬಿಟ್ಟಿದ್ದರು. ಹಳಬರ ಕಣ್ಣು ಸರಿಯಾಗಿಯೇ ಇತ್ತು. ಅದೇ ವರ್ಷ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ತಂಡ ಸೆಂಡೈ ಕೊಲ್ಲಿಯಲ್ಲಿ ಸಿಕ್ಕ ಇನ್ನೊಂದು ಪ್ರಭೇದವನ್ನು 'ಫೈಸೇಲಿಯಾ ಮಿಕಾಜುಕಿ' ಎಂದು ಹೆಸರಿಸಿತು.

ಈ ಸಂಶೋಧನೆಯಲ್ಲಿ ಸಾಮಾನ್ಯ ಜನರ ಪಾಲೂ ಇದೆ. ಬೀಚ್‌ನಲ್ಲಿ ಓಡಾಡುವವರು ಮೊಬೈಲ್‌ನಲ್ಲಿ ತೆಗೆದು 'ಐನ್ಯಾಚುರಲಿಸ್ಟ್' ತಾಣಕ್ಕೆ ಹಾಕಿದ ನಾಲ್ಕು ಸಾವಿರಕ್ಕೂ ಹೆಚ್ಚು ಫೋಟೊಗಳನ್ನು ಯೇಲ್ ತಂಡ ಪರಿಶೀಲಿಸಿತು. ಜೀನೋಮ್ ತೋರಿಸಿದ ವ್ಯತ್ಯಾಸ ಫೋಟೊಗಳ ರೂಪ, ಬಣ್ಣ, ಎಳೆಗಳ ಸಂಖ್ಯೆಯಲ್ಲೂ ಕಂಡಿತು. ಮುಂಬೈನಲ್ಲಿ 2017ರಿಂದ 'ಮರೈನ್ ಲೈಫ್ ಆಫ್ ಮುಂಬೈ' ಎಂಬ ನಾಗರಿಕರ ಗುಂಪು ನೀರಿಳಿತದ ಹೊತ್ತಿನಲ್ಲಿ ದಡದ ಜೀವಿಗಳನ್ನು ದಾಖಲಿಸುತ್ತ ಬಂದಿದೆ. ಇಂಥ ದಾಖಲೆಗಳ ಬೆಲೆ ಏನೆಂಬುದಕ್ಕೆ ಫೈಸೇಲಿಯಾ ಅಧ್ಯಯನ ಒಳ್ಳೆಯ ಉತ್ತರ.

ಚೆನ್ನೈ ಓದುಗರಿಗೂ ಈ ಸಂಸಾರದ ಒಂದು ಕಥೆ ಗೊತ್ತಿರಬಹುದು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಬಳಿಕ ಬೆಸೆಂಟ್ ನಗರ ಬೀಚ್‌ನಲ್ಲಿ 'ಬ್ಲೂ ಡ್ರ್ಯಾಗನ್' ಎಂಬ ನೀಲಿ ಬಣ್ಣದ ಪುಟ್ಟ ಕಡಲ ಗೊಂಡೆಹುಳುಗಳು ಕಾಣಿಸಿಕೊಂಡವು. ಇವು ಜೆಲ್ಲಿಫಿಶ್ ಅಲ್ಲ, ಬ್ಲೂ ಬಾಟಲ್‌ನಂಥವನ್ನು ತಿಂದು ಬದುಕುವವು. ತಿಂದ ಬೇಟೆಯ ಕುಟುಕು ಕೋಶಗಳನ್ನು ಜೀರ್ಣಿಸಿಕೊಳ್ಳದೆ ತಮ್ಮ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಹಾಗಾಗಿ ಮುಟ್ಟಿದರೆ ಇವೂ ಕುಟುಕುತ್ತವೆ.

ಹೆಸರು ಗೊತ್ತಿದ್ದರೆ ಚಿಕಿತ್ಸೆಯೂ ಸರಿಯಾಗುತ್ತದೆ

ಸುದ್ದಿಮನೆಯ ಡೆಸ್ಕ್‌ನಲ್ಲಿ ಕೂರುವ ನಮ್ಮಂಥವರೂ ಈ ತಪ್ಪಿಗೆ ಹೊರತಲ್ಲ. ಏಜೆನ್ಸಿ ಕಾಪಿಯಲ್ಲಿ ಬ್ಲೂ ಬಾಟಲ್ ಎಂದಿದ್ದರೂ 'ವಿಷಕಾರಿ ಮೀನು ಕಚ್ಚಿ ಪ್ರವಾಸಿಗರು ಅಸ್ವಸ್ಥ' ಎಂಬ ಶೀರ್ಷಿಕೆ ಕೊಟ್ಟು ಮುಂದಿನ ಸುದ್ದಿಗೆ ಹೋಗುತ್ತೇವೆ. ಅದು ಮೀನೂ ಅಲ್ಲ, ಕಚ್ಚುವುದೂ ಇಲ್ಲ. ಕಚ್ಚಿತು ಎಂದುಕೊಂಡವರು ಗಾಯ ಉಜ್ಜುತ್ತಾರೆ, ಸಿಹಿನೀರು ಸುರಿಯುತ್ತಾರೆ. ಚರ್ಮಕ್ಕೆ ಅಂಟಿದ, ಇನ್ನೂ ಸಿಡಿಯದ ಸಾವಿರಾರು ಕುಟುಕು ಕೋಶಗಳು ಆಗಲೇ ಸಿಡಿಯಬಹುದು. ಮೂತ್ರ ಹಾಕಿದರೆ ಉರಿ ಇಳಿಯುತ್ತದೆ ಎಂಬ ಮಾತಿಗೂ ಆಧಾರವಿಲ್ಲ.

ಬಾಕ್ಸ್ ಜೆಲ್ಲಿಫಿಶ್ ಕುಟುಕಿದರೆ ವಿನೆಗರ್ ಹಾಕಬೇಕು ಎಂಬುದರಲ್ಲಿ ತಜ್ಞರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಸಿಡಿಯದ ಕೋಶಗಳನ್ನು ಅದು ತಡೆಯುತ್ತದೆ. ಬ್ಲೂ ಬಾಟಲ್ ವಿಷಯದಲ್ಲಿ ಮಾತ್ರ ಮಾತು ಬೇರೆ. ಆಸ್ಟ್ರೇಲಿಯಾದ ಪ್ರಥಮ ಚಿಕಿತ್ಸೆ ಮಾರ್ಗಸೂಚಿ ವಿನೆಗರ್ ಬೇಡ, ಸಮುದ್ರದ ನೀರಿನಿಂದ ತೊಳೆದು ಬಿಸಿನೀರಿನಲ್ಲಿ ಅದ್ದಿ ಎನ್ನುತ್ತದೆ. 2017ರಲ್ಲಿ ಹವಾಯಿಯ ಸಂಶೋಧಕರು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ವಿನೆಗರ್ ಕೂಡ ನೆರವಾಗುತ್ತದೆ ಎಂದರು. ಬಿಸಿನೀರಿನ ಬಗ್ಗೆ ಇಬ್ಬರದೂ ಒಂದೇ ಮಾತು. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ 45 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಅದ್ದಿಟ್ಟವರಲ್ಲಿ ಶೇ 87 ಮಂದಿಗೆ ನೋವು ಇಳಿದಿತ್ತು. ಐಸ್ ಪ್ಯಾಕ್ ಇಟ್ಟವರಲ್ಲಿ ಇದು ಶೇ 33 ಮಾತ್ರ.

ಹೀಗಾಗಿ ಬೀಚ್‌ಗೆ ಹೋಗುವವರು ನೆನಪಿಡಬೇಕಾದದ್ದು ಇಷ್ಟು. ಕುಟುಕಿದರೆ ಮೊದಲು ನೀರಿನಿಂದ ಹೊರಬನ್ನಿ. ಉಜ್ಜಬೇಡಿ. ಅಂಟಿದ ಎಳೆಗಳನ್ನು ಬರಿಗೈಯಲ್ಲಿ ಮುಟ್ಟದೆ ಚಿಮಟ ಅಥವಾ ಕಾರ್ಡ್‌ನಂಥದ್ದರಿಂದ ತೆಗೆಯಿರಿ. ಸಮುದ್ರದ ನೀರಿನಲ್ಲೇ ತೊಳೆಯಿರಿ. ಬಳಿಕ ಚರ್ಮ ಸುಡದ, ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಅದ್ದಿ. ಉಸಿರಾಟಕ್ಕೆ ತೊಂದರೆ, ಎದೆನೋವು, ವಾಂತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮರಳಿನ ಮೇಲೆ ಸತ್ತು ಬಿದ್ದಿರುವ ಬ್ಲೂ ಬಾಟಲ್ ಕೂಡ ಕುಟುಕಬಲ್ಲದು. ಮಕ್ಕಳು ಅದನ್ನು ಬಲೂನ್ ಎಂದು ಎತ್ತಿಕೊಳ್ಳದಂತೆ ನೋಡಿಕೊಳ್ಳಿ.

ಸಾಧ್ಯವಾದರೆ ದೂರದಿಂದ ಒಂದು ಫೋಟೊ ತೆಗೆದು ವೈದ್ಯರಿಗೆ ತೋರಿಸಿ. ಹಾವು ಕಚ್ಚಿದಾಗ ಯಾವ ಹಾವು ಎಂದು ಕೇಳುವುದು ನಮ್ಮಲ್ಲಿ ರೂಢಿ. ಜೆಲ್ಲಿಫಿಶ್ ವಿಷಯದಲ್ಲೂ ಆ ಪ್ರಶ್ನೆ ರೂಢಿಗೆ ಬರಬೇಕು.

ಸ್ಥಾವರಗಳ ಬಾಗಿಲಲ್ಲಿ

ಈಗ ಮತ್ತೆ ಸ್ಥಾವರದ ವಿಷಯಕ್ಕೆ ಬರೋಣ. ಸಮುದ್ರದ ದಡದ ಸ್ಥಾವರಗಳು ಟರ್ಬೈನ್‌ನಿಂದ ಹೊರಬಂದ ಹಬೆಯನ್ನು ತಣಿಸಲು ಭಾರಿ ಪ್ರಮಾಣದಲ್ಲಿ ಸಮುದ್ರದ ನೀರು ಎಳೆಯುತ್ತವೆ. ಕಸ ಬಾರದಂತೆ ಜಾಲರಿ, ತಿರುಗುವ ಫಿಲ್ಟರ್‌ಗಳಿರುತ್ತವೆ. ಮೀನಾದರೆ ಈಜಿ ತಪ್ಪಿಸಿಕೊಳ್ಳುತ್ತದೆ. ಜೆಲ್ಲಿಫಿಶ್‌ಗೆ ಆ ಶಕ್ತಿ ಇಲ್ಲ. ಸಾವಿರಾರು ಒಟ್ಟಿಗೆ ಬಂದಾಗ ಜಾಲರಿಗೆ ಅಂಟಿ ನೀರಿನ ದಾರಿಯನ್ನೇ ಮುಚ್ಚುತ್ತವೆ. ನೀರು ಕಡಿಮೆಯಾದರೆ ಪಂಪ್ ನಿಲ್ಲುತ್ತದೆ, ಪಂಪ್ ನಿಂತರೆ ರಿಯಾಕ್ಟರ್ ನಿಲ್ಲಿಸಲೇಬೇಕು.

ಫ್ರಾನ್ಸ್ ಇದರಲ್ಲಿ ಮೊದಲಲ್ಲ. 2011ರಲ್ಲಿ ಸ್ಕಾಟ್ಲೆಂಡ್‌ನ ಟಾರ್ನೆಸ್, 2013ರಲ್ಲಿ ಸ್ವೀಡನ್‌ನ ಓಸ್ಕರ್ಸ್‌ಹಾಮ್ ಸ್ಥಾವರಗಳಲ್ಲೂ ಇದೇ ಕಾರಣಕ್ಕೆ ರಿಯಾಕ್ಟರ್ ನಿಂತಿದ್ದವು. ಸುಯೆಜ್ ಕಾಲುವೆ ಮೂಲಕ ಮೆಡಿಟರೇನಿಯನ್ ಸೇರಿದ 'ರೋಪಿಲೆಮಾ ನೊಮಾಡಿಕಾ' ಎಂಬ ಜೆಲ್ಲಿಫಿಶ್ ಇಸ್ರೇಲ್‌ನ ವಿದ್ಯುತ್ ಸ್ಥಾವರಗಳಿಗೆ ಖಾಯಂ ತಲೆನೋವು.

ಭಾರತಕ್ಕೂ ಇದು ಹೊಸದಲ್ಲ. ಚೆನ್ನೈ ಬಳಿಯ ಕಲ್ಪಾಕ್ಕಂನ ಮದ್ರಾಸ್ ಅಣು ವಿದ್ಯುತ್ ಕೇಂದ್ರಕ್ಕೆ ಜೆಲ್ಲಿಫಿಶ್ ನುಗ್ಗುವ ಕುರಿತು ಅಲ್ಲಿನ ವಿಜ್ಞಾನಿಗಳು 2000ದಲ್ಲೇ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದರು. ಕರಾವಳಿಯ ಸ್ಥಾವರಗಳು ಸುಗಮವಾಗಿ ನಡೆಯಲು ಇದು ಅಪಾಯ ಎಂದು ಶೀರ್ಷಿಕೆಯಲ್ಲೇ ಎಚ್ಚರಿಸಿದ್ದರು. ಗ್ರಾವ್‌ಲಿನ್ ಸುದ್ದಿ ಬರುವುದಕ್ಕೆ 25 ವರ್ಷ ಮೊದಲಿನ ಮಾತಿದು.

ಕರ್ನಾಟಕದ ಕೈಗಾಕ್ಕೆ ಈ ಚಿಂತೆ ಇಲ್ಲ. ಅದು ಕಾಳಿ ನದಿಯ ಕದ್ರಾ ಜಲಾಶಯದ ನೀರು ಬಳಸುತ್ತದೆ. ಆದರೆ ಮುಂಬೈನ ಉತ್ತರಕ್ಕಿರುವ ತಾರಾಪುರ, ಕಲ್ಪಾಕ್ಕಂ, ಕೂಡಂಕುಳಂ ಮೂರೂ ಸಮುದ್ರವನ್ನೇ ನೆಚ್ಚಿಕೊಂಡಿವೆ. ರತ್ನಾಗಿರಿ ಜಿಲ್ಲೆಯ ಜೈತಾಪುರದಲ್ಲಿ ತಲಾ 1,650 ಮೆಗಾವಾಟ್‌ನ ಆರು ರಿಯಾಕ್ಟರ್‌ಗಳ ಯೋಜನೆಯಿದೆ. ಈಗ 9 ಸಾವಿರ ಮೆಗಾವಾಟ್‌ನ ಆಸುಪಾಸಿನಲ್ಲಿರುವ ಅಣು ವಿದ್ಯುತ್ ಸಾಮರ್ಥ್ಯವನ್ನು 2047ರ ಹೊತ್ತಿಗೆ 1 ಲಕ್ಷ ಮೆಗಾವಾಟ್‌ಗೆ ಏರಿಸುವುದಾಗಿ ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿದೆ. ಅದರಲ್ಲಿ ದೊಡ್ಡ ಪಾಲು ಕಡಲ ದಡದಲ್ಲೇ ಬರುವುದಾದರೆ ಅಲ್ಲಿ ಯಾವ ಜೆಲ್ಲಿಫಿಶ್, ಯಾವ ತಿಂಗಳು, ಎಷ್ಟು ಬರುತ್ತದೆ ಎಂಬ ಲೆಕ್ಕ ಎಂಜಿನಿಯರ್‌ಗಳ ಕೈಯಲ್ಲಿ ಮೊದಲೇ ಇರಬೇಕು.

ಕಾಣುವುದು ಹೂವು, ಕಾಣದ್ದು ಬೇರು

ಲೆಕ್ಕ ಹಾಕುವುದು ಕಷ್ಟವಾಗಲು ಕಾರಣ ಇವುಗಳ ಬದುಕಿನ ರೀತಿ. ನಮಗೆ ಕಾಣುವ ಕೊಡೆಯಾಕಾರದ್ದು ನಿಜವಾದ ಜೆಲ್ಲಿಫಿಶ್‌ನ ಅರ್ಧ ಬದುಕು ಮಾತ್ರ. ಅದಕ್ಕೆ ಮೆಡುಸಾ ಹಂತ ಎನ್ನುತ್ತಾರೆ. ಇದರ ಮೊಟ್ಟೆಯಿಂದ ಹೊರಬಂದ ಮರಿ ಕೆಲವು ದಿನ ಈಜಿ, ಗಟ್ಟಿಯಾದ ಜಾಗ ಹುಡುಕಿ ಅಂಟಿಕೊಂಡು ಪಾಲಿಪ್ ಆಗುತ್ತದೆ. ಪಾಲಿಪ್ ಎಂದರೆ ಕೆಲವೇ ಮಿಲಿಮೀಟರ್ ಉದ್ದದ ಪುಟ್ಟ ಹೂವಿನಂಥ ರೂಪ. ಗಂಡು ಹೆಣ್ಣಿನ ಹಂಗಿಲ್ಲದೆ ಇದು ತನ್ನಂಥ ಇನ್ನಷ್ಟನ್ನು ಹುಟ್ಟಿಸಿಕೊಳ್ಳುತ್ತದೆ. ನೀರಿನ ಉಷ್ಣತೆ, ಆಹಾರ, ಉಪ್ಪಿನಂಶ ಹದಕ್ಕೆ ಬಂದಾಗ ಪಾಲಿಪ್‌ನ ಮೈ ತಟ್ಟೆಗಳನ್ನು ಜೋಡಿಸಿಟ್ಟಂತೆ ಹೋಳಾಗುತ್ತದೆ. ಒಂದೊಂದು ತಟ್ಟೆಯೂ ಕಳಚಿಕೊಂಡು ಒಂದೊಂದು ಮರಿ ಜೆಲ್ಲಿಫಿಶ್ ಆಗಿ ತೇಲಿಹೋಗುತ್ತದೆ.

ಒಂದೇ ವಾರದಲ್ಲಿ ಎಲ್ಲಿಂದಲೋ ಸಾವಿರಾರು ಬಂದಂತೆ ತೋರುವುದು ಇದರಿಂದಲೇ. ಬೇರು ಮೊದಲೇ ಇತ್ತು, ನಾವು ನೋಡಿರಲಿಲ್ಲ ಅಷ್ಟೆ.

ಆ ಬೇರು ಇಳಿಯಲು ಬೇಕಾದ್ದು ಗಟ್ಟಿ ಜಾಗ. ಚಿಪ್ಪು, ಬಂಡೆಯ ಅಡಿಭಾಗದ ಜೊತೆಗೆ ಕಾಂಕ್ರೀಟ್ ಕಂಬ, ಜೆಟ್ಟಿಯ ತಳ, ತಡೆಗೋಡೆಯ ಕಲ್ಲು, ತೇಲುವ ಪ್ಲಾಸ್ಟಿಕ್ ಕೂಡ ಆಗುತ್ತದೆ. ಕಾರ್ಲೋಸ್ ದುವಾರ್ತೆ ನೇತೃತ್ವದ ಅಂತಾರಾಷ್ಟ್ರೀಯ ತಂಡ 2013ರಲ್ಲಿ ಈ ಪ್ರಶ್ನೆಯನ್ನೇ ಎತ್ತಿತು: ಕಡಲಲ್ಲಿ ನಾವು ಕಟ್ಟುತ್ತಿರುವ ಕಟ್ಟಡಗಳೇ ಜೆಲ್ಲಿಫಿಶ್‌ಗೆ ತೊಟ್ಟಿಲಾಗುತ್ತಿವೆಯೇ? ಮಹಾರಾಷ್ಟ್ರದಲ್ಲಿ ವಾಢವಣ, ಕೇರಳದಲ್ಲಿ ವಿಳಿಂಜಂ, ಉತ್ತರ ಕನ್ನಡದಲ್ಲಿ ಹೊನ್ನಾವರ ಮತ್ತು ಅಂಕೋಲಾ ಬಳಿಯ ಕೇಣಿ ಎಂದು ಪಶ್ಚಿಮ ಕರಾವಳಿಯುದ್ದಕ್ಕೂ ಬಂದರುಗಳ ಮಾತು ನಡೆದಿರುವಾಗ ಇದು ನಮ್ಮ ಪ್ರಶ್ನೆಯೂ ಹೌದು. ಬಂದರು ಬಂದರೆ ಜೆಲ್ಲಿಫಿಶ್ ಹೆಚ್ಚುತ್ತದೆ ಎಂದು ಕಣ್ಣುಮುಚ್ಚಿ ಹೇಳುವುದು ತಪ್ಪು. ಪರಿಸರ ಪರಿಣಾಮ ಅಧ್ಯಯನದಲ್ಲಿ ಮೀನು, ಆಮೆ, ಕಾಂಡ್ಲಾವನಗಳ ಜೊತೆಗೆ ಪಾಲಿಪ್‌ಗಳನ್ನೂ ಹುಡುಕಿ ಎಂದು ಕೇಳುವುದು ನ್ಯಾಯವೇ.

ಇಲ್ಲೇ ಮತ್ತೆ ಹೆಸರಿನ ಪ್ರಶ್ನೆ ಬರುತ್ತದೆ. ಬ್ಲೂ ಬಾಟಲ್‌ಗೆ ದಡದ ಕಲ್ಲು, ಕಾಂಕ್ರೀಟ್ ಯಾವುದೂ ಬೇಡ. ಅದರ ಇಡೀ ಬದುಕು ತೆರೆದ ಸಾಗರದಲ್ಲೇ. ಜೆಟ್ಟಿ ಕಟ್ಟಿದರೂ ಬಿಟ್ಟರೂ ಮುಂಗಾರು ಗಾಳಿಗೆ ಅದು ಬರುತ್ತದೆ. ಅದರ ಮುನ್ಸೂಚನೆಗೆ ಬೇಕಾದ್ದು ಗಾಳಿ ಮತ್ತು ಪ್ರವಾಹದ ಲೆಕ್ಕ. ಕೊಡೆಯಾಕಾರದ ಜೆಲ್ಲಿಫಿಶ್‌ಗೆ ಬೇಕಾದ್ದು ತಳದ ಪಾಲಿಪ್‌ಗಳ ಸಮೀಕ್ಷೆ. ಒಂದಕ್ಕೆ ಮಾಡಿದ ಯೋಜನೆ ಇನ್ನೊಂದಕ್ಕೆ ಕೆಲಸಕ್ಕೆ ಬಾರದು.

ನಿಜಕ್ಕೂ ಹೆಚ್ಚಾಗುತ್ತಿವೆಯೇ?

'ಹವಾಮಾನ ಬದಲಾವಣೆಯಿಂದ ಸಾಗರಗಳನ್ನು ಜೆಲ್ಲಿಫಿಶ್ ಆಳಲಿವೆ' ಎಂಬ ಶೀರ್ಷಿಕೆಗಳನ್ನು ಓದುಗರು ನೋಡಿರುತ್ತಾರೆ. ವಿಜ್ಞಾನಿಗಳು ಅಷ್ಟು ಖಚಿತವಾಗಿ ಮಾತಾಡುವುದಿಲ್ಲ. ಕೆನಡಾದ ಲೂಕಸ್ ಬ್ರಾಟ್ಜ್ ತಂಡ 2012ರಲ್ಲಿ ಜಗತ್ತಿನ 45 ಕರಾವಳಿ ಸಾಗರ ವಲಯಗಳನ್ನು ಪರಿಶೀಲಿಸಿ, ಶೇ 62ರಲ್ಲಿ ಹೆಚ್ಚಳದ ಒಲವು ಕಂಡಿದೆ ಎಂದಿತು. ಮರುವರ್ಷವೇ ರಾಬರ್ಟ್ ಕಾಂಡನ್ ನೇತೃತ್ವದ ತಂಡ ದೀರ್ಘಾವಧಿಯ ದತ್ತಾಂಶ ನೋಡಿ, ಜೆಲ್ಲಿಫಿಶ್ ಸಂಖ್ಯೆ ಸುಮಾರು 20 ವರ್ಷಗಳ ಚಕ್ರದಲ್ಲಿ ಏರಿಳಿಯುತ್ತದೆ, 1970ರ ದಶಕದಿಂದ ಈಚೆಗೆ ಕಾಣುವ ಏರಿಕೆ ಸಣ್ಣದು ಎಂದಿತು. ಏರುವ ಹತ್ತು ವರ್ಷವನ್ನಷ್ಟೇ ನೋಡಿದವರಿಗೆ ಪ್ರಳಯದಂತೆ ಕಾಣುತ್ತದೆ, ಇಳಿಯುವ ಹತ್ತು ವರ್ಷ ಸುದ್ದಿಯಾಗುವುದೇ ಇಲ್ಲ.

ಕೆಲವು ಕಡೆ ಮಾತ್ರ ಚಿತ್ರ ಸ್ಪಷ್ಟ. ಸಾರ್ಡೀನ್ ಮೀನನ್ನು ಅತಿಯಾಗಿ ಹಿಡಿದ ನಮೀಬಿಯಾ ಕರಾವಳಿಯಲ್ಲಿ 2006ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಜೆಲ್ಲಿಫಿಶ್ ತೂಕ 1.22 ಕೋಟಿ ಟನ್, ಮೀನಿನ ತೂಕ 36 ಲಕ್ಷ ಟನ್. ನಮ್ಮ ಕರಾವಳಿಯಲ್ಲಿ ಬೂತಾಯಿ ಕಡಿಮೆಯಾದ ವರ್ಷಗಳಲ್ಲಿ ಈ ಉದಾಹರಣೆಯನ್ನು ಹಾಗೇ ಎತ್ತಿ ತಂದು ಅಂಟಿಸುವ ಆಸೆ ಬರುವುದು ಸಹಜ. ಆದರೆ ಅರಬ್ಬಿ ಸಮುದ್ರದ ಬಗ್ಗೆ ತೀರ್ಮಾನ ಹೇಳಲು ಅರಬ್ಬಿ ಸಮುದ್ರದಲ್ಲೇ ವರ್ಷಾನುವರ್ಷ ಎಣಿಸಿದ ಅಂಕಿ ಬೇಕು.

ಎಣಿಸುವುದು ದುಬಾರಿ ಕೆಲಸವೇನಲ್ಲ ಎಂಬುದಕ್ಕೆ ಜಪಾನ್ ಸಾಕ್ಷಿ. ಅಲ್ಲಿ 200 ಕಿಲೋವರೆಗೂ ತೂಗುವ ನೊಮುರಾ ಜೆಲ್ಲಿಫಿಶ್ 2002ರ ಬಳಿಕ ಪದೇ ಪದೇ ಬಲೆಗಳನ್ನು ಹರಿದು ಮೀನುಗಾರರನ್ನು ಹೈರಾಣ ಮಾಡಿತು. 2009ರಲ್ಲಿ ಇವು ತುಂಬಿದ ಬಲೆ ಎಳೆಯಲು ಹೋಗಿ 10 ಟನ್ನಿನ ದೋಣಿಯೊಂದು ಮಗುಚಿತ್ತು. ಹಿರೋಶಿಮಾ ವಿಶ್ವವಿದ್ಯಾಲಯದ ಶಿನ್‌ಇಚಿ ಉಯೆ ಚೀನಾ ಮತ್ತು ಜಪಾನ್ ನಡುವೆ ಓಡಾಡುವ ಪ್ರಯಾಣಿಕರ ಹಡಗುಗಳ ಡೆಕ್ ಮೇಲೆ ನಿಂತು ಜೆಲ್ಲಿಫಿಶ್ ಎಣಿಸುವ ವ್ಯವಸ್ಥೆ ಮಾಡಿದರು. ಚೀನಾ ಬದಿಯಲ್ಲಿ ಎಷ್ಟು ಕಂಡವು ಎಂಬುದರ ಮೇಲೆ ಜಪಾನ್ ಬದಿಯ ಮೀನುಗಾರರಿಗೆ ಮುಂಚಿತವಾಗಿಯೇ ಎಚ್ಚರಿಕೆ ಕೊಡಲು ಸಾಧ್ಯವಾಯಿತು.

ಬಲೆಯಲ್ಲಿ ಬಂದದ್ದು ಕಸವೋ, ಕಾಸೋ?

ಮೀನುಗಾರರ ಲೆಕ್ಕವೇ ಬೇರೆ. ಕುಟುಕುವ ಜೆಲ್ಲಿಫಿಶ್ ತುಂಬಿದ ಬಲೆ ಎಳೆಯುವುದೆಂದರೆ ಕೈಯೆಲ್ಲ ಉರಿ, ಮೀನು ಹಾಳು, ಡೀಸೆಲ್ ದಂಡ. ಆದರೆ ತಿನ್ನಲು ಯೋಗ್ಯವಾದ ಕೆಲವು ಪ್ರಭೇದಗಳಿಗೆ ಚೀನಾ, ಜಪಾನ್, ಆಗ್ನೇಯ ಏಷ್ಯಾದಲ್ಲಿ ಒಳ್ಳೆಯ ಮಾರುಕಟ್ಟೆ ಇದೆ. ಆಂಧ್ರ, ತಮಿಳುನಾಡು, ಕೇರಳ, ಗುಜರಾತ್ ಕರಾವಳಿಗಳಲ್ಲಿ ಇವನ್ನು ಹಿಡಿದು, ಉಪ್ಪು ಮತ್ತು ಪಟಿಕ ಬೆರೆಸಿ ನೀರು ಇಳಿಸಿ, ರಫ್ತು ಮಾಡುವವರಿದ್ದಾರೆ. ಆಂಧ್ರದಲ್ಲಿ ಹೀಗೆ ಸಿಗುವ ಮುಖ್ಯ ಪ್ರಭೇದ 'ಕ್ರಾಂಬಿಯೊನೆಲ್ಲಾ ಅನ್ನಂಡೇಲಿ'. 1931ರಲ್ಲಿ ಇದಕ್ಕೆ ಹೆಸರಿಟ್ಟ ವಿಜ್ಞಾನಿ ರಾವ್. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೊದಲ ನಿರ್ದೇಶಕ ನೆಲ್ಸನ್ ಅನ್ನಂಡೇಲ್ ಗೌರವಾರ್ಥ ಇಟ್ಟ ಹೆಸರದು.

ಅಂದರೆ ಸುಮಾರು ನೂರು ವರ್ಷಗಳ ಹಿಂದೆ ಮ್ಯೂಸಿಯಂನ ಗಾಜಿನ ಭರಣಿಗಳ ಮುಂದೆ ಕುಳಿತು ಒಬ್ಬರು ಮಾಡಿದ ವಿಂಗಡಣೆ ಇವತ್ತು ಮೀನುಗಾರರ ಆದಾಯದ ಲೆಕ್ಕಕ್ಕೆ ಬರುತ್ತಿದೆ. ಯಾವುದು ಮಾರಾಟವಾಗುತ್ತದೆ, ಯಾವುದು ಕೈ ಸುಡುತ್ತದೆ ಎಂದು ಬೇರ್ಪಡಿಸುವುದೇ ಈ ವ್ಯಾಪಾರದ ಮೊದಲ ಹೆಜ್ಜೆ. ಎಷ್ಟು ಹಿಡಿದರೆ ಮುಂದಿನ ವರ್ಷಕ್ಕೂ ಉಳಿಯುತ್ತದೆ ಎಂಬುದು ಎರಡನೆಯದು. ಲೆದರ್‌ಬ್ಯಾಕ್ ಕಡಲಾಮೆಗೆ ಜೆಲ್ಲಿಫಿಶ್‌ಗಳೇ ಮುಖ್ಯ ಆಹಾರ ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ಎರಡು ನೊಬೆಲ್‌ಗಳ ಪ್ರಾಣಿ

ಲೋಳೆಯಂಥ ಈ ಜೀವಿಗಳ ಬಗ್ಗೆ ಸರ್ಕಾರದ ದುಡ್ಡು ಖರ್ಚು ಮಾಡಬೇಕೇ ಎಂದು ಕೇಳುವವರಿಗೆ ಇತಿಹಾಸದಲ್ಲಿ ಉತ್ತರವಿದೆ. 1901ರಲ್ಲಿ ಮೊನಾಕೊ ರಾಜಕುಮಾರನ ಹಡಗಿನಲ್ಲಿ ಹೋದ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೆ ಫೈಸೇಲಿಯಾ ವಿಷದ ಅಧ್ಯಯನ ಶುರು ಮಾಡಿದರು. ಪ್ಯಾರಿಸ್‌ಗೆ ಮರಳಿದ ಮೇಲೆ ಅದರ ನೆಂಟ ಸೀ ಅನಿಮೋನ್‌ನ ವಿಷದೊಂದಿಗೆ ಮುಂದುವರಿದ ಆ ಕೆಲಸ, ಅಲರ್ಜಿಯ ಮಾರಣಾಂತಿಕ ರೂಪವಾದ ಅನಫಿಲ್ಯಾಕ್ಸಿಸ್‌ನ ಶೋಧಕ್ಕೆ ದಾರಿಯಾಯಿತು. ರಿಷೆಗೆ 1913ರಲ್ಲಿ ನೊಬೆಲ್ ಬಂತು. ಪೆನಿಸಿಲಿನ್ ಇಂಜೆಕ್ಷನ್‌ಗೆ ಮೊದಲು ಟೆಸ್ಟ್ ಡೋಸ್ ಕೊಡುವಾಗ ವೈದ್ಯರು ಹೆದರುವುದು ಇದಕ್ಕೇ.

1961ರಲ್ಲಿ ಒಸಾಮು ಶಿಮೊಮುರಾ ಅಮೆರಿಕದ ಫ್ರೈಡೇ ಹಾರ್ಬರ್‌ನಲ್ಲಿ ಸುಮಾರು 10 ಸಾವಿರ ಜೆಲ್ಲಿಫಿಶ್ ಹಿಡಿದು, ಅವು ಮಿನುಗುವುದು ಹೇಗೆ ಎಂದು ಹುಡುಕಿದರು. ಆಗ ಸಿಕ್ಕ ಹಸಿರು ಹೊಳೆಯುವ ಪ್ರೋಟೀನ್ ಮುಂದೆ ಜೀವಕೋಶದೊಳಗಿನ ಚಟುವಟಿಕೆ ನೋಡುವ ದೀಪವಾಯಿತು. 2008ರ ರಸಾಯನಶಾಸ್ತ್ರ ನೊಬೆಲ್ ಅವರೊಂದಿಗೆ ಮಾರ್ಟಿನ್ ಚಾಲ್ಫಿ, ರೋಜರ್ ಚಿಯೆನ್ ಅವರಿಗೂ ಸಂದಿತು. ಗಮನಿಸಿ, ಫೈಸೇಲಿಯಾ ಮತ್ತು ಶಿಮೊಮುರಾ ಹಿಡಿದ ಎಕ್ವೋರಿಯಾ ಎರಡೂ 'ನಿಜವಾದ ಜೆಲ್ಲಿಫಿಶ್' ಅಲ್ಲ, ಹೈಡ್ರೊಜೋವಾ ಗುಂಪಿನವು.

ಶೋಧ ನಿಂತಿಲ್ಲ. 24 ಕಣ್ಣುಗಳಿದ್ದೂ ಮೆದುಳಿಲ್ಲದ, ಸುಮಾರು ಒಂದು ಸೆಂಟಿಮೀಟರ್ ಗಾತ್ರದ ಬಾಕ್ಸ್ ಜೆಲ್ಲಿಫಿಶ್ ಒಂದು ಅನುಭವದಿಂದ ಕಲಿಯಬಲ್ಲದು ಎಂದು 2023ರಲ್ಲಿ ಜರ್ಮನಿ ಮತ್ತು ಡೆನ್ಮಾರ್ಕ್‌ನ ಸಂಶೋಧಕರು ತೋರಿಸಿದರು. ಮುದಿಯಾದ ಮೇಲೆ ಮತ್ತೆ ಪಾಲಿಪ್ ಹಂತಕ್ಕೆ ಮರಳಬಲ್ಲ 'ಟರ್ರಿಟಾಪ್ಸಿಸ್ ಡೋರ್ನಿ'ಯ ಜೀನೋಮ್ ಅನ್ನು ಸ್ಪೇನ್‌ನ ತಂಡ 2022ರಲ್ಲಿ ಓದಿತು.

ಮುಂದೇನು?

ಭಾರತದಲ್ಲಿ ಜೆಲ್ಲಿಫಿಶ್ ಎಲ್ಲರಿಗೂ 'ಇನ್ನೊಬ್ಬರ' ಸಮಸ್ಯೆ. ಬೀಚ್ ನೋಡಿಕೊಳ್ಳುವುದು ಪಾಲಿಕೆ ಅಥವಾ ಪ್ರವಾಸೋದ್ಯಮ ಇಲಾಖೆ. 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯದ್ದು. ಅಣುಸ್ಥಾವರ ಕೇಂದ್ರದ್ದು. ಪ್ರಭೇದ ಗುರುತಿಸುವ ತಜ್ಞರು ಕೋಲ್ಕತ್ತಾದ ಪ್ರಾಣಿ ಸರ್ವೇಕ್ಷಣಾಲಯ, ಕೊಚ್ಚಿಯಲ್ಲಿ ಮುಖ್ಯ ಕಚೇರಿ ಮತ್ತು ಮಂಗಳೂರು, ಕಾರವಾರಗಳಲ್ಲಿ ಕೇಂದ್ರಗಳಿರುವ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ವಿಶ್ವವಿದ್ಯಾಲಯಗಳಲ್ಲಿ ಹಂಚಿಹೋಗಿದ್ದಾರೆ. ಸ್ಥಾವರದ ಜಾಲರಿಯಲ್ಲಿ ಸಿಕ್ಕದ್ದು, ಮೀನುಗಾರರ ಬಲೆಗೆ ಬಿದ್ದದ್ದು, ಬೀಚ್‌ನಲ್ಲಿ ಕುಟುಕಿದ್ದು, ಆಸ್ಪತ್ರೆಯ ದಾಖಲೆಯಲ್ಲಿರುವುದು ಎಲ್ಲವೂ ಒಂದೇ ಕಡೆ ಸೇರಿದರೆ ಮಾತ್ರ ಪೂರ್ಣ ಚಿತ್ರ ಸಿಗುತ್ತದೆ.

ಸೇರಿಸಲು ಸಹಜವಾದ ಜಾಗವೂ ನಮ್ಮಲ್ಲಿದೆ. ಹೈದರಾಬಾದಿನ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ ಇನ್‌ಕಾಯಿಸ್ ಗಾಳಿ, ಅಲೆ, ಪ್ರವಾಹಗಳ ಮುನ್ಸೂಚನೆ ಕೊಡುತ್ತದೆ. ಮೀನು ಸಿಗಬಹುದಾದ ವಲಯಗಳ ಮಾಹಿತಿಯನ್ನು ಕನ್ನಡವೂ ಸೇರಿ ಕರಾವಳಿಯ ಭಾಷೆಗಳಲ್ಲಿ ಮೀನುಗಾರರಿಗೆ ಮುಟ್ಟಿಸುತ್ತದೆ. ಅದೇ ದಾರಿಯಲ್ಲಿ ಮಲ್ಪೆಯ ದಕ್ಕೆಗೂ, ಜುಹುವಿನ ಜೀವರಕ್ಷಕರಿಗೂ, ಕಲ್ಪಾಕ್ಕಂನ ಕಂಟ್ರೋಲ್ ರೂಮಿಗೂ ಪ್ರಭೇದದ ಹೆಸರು ಹಿಡಿದೇ ಎಚ್ಚರಿಕೆ ತಲುಪಬೇಕು. ಬ್ಲೂ ಬಾಟಲ್ ಆದರೆ ಬೀಚ್‌ಗೆ ಕೆಂಪು ಬಾವುಟ ಮತ್ತು ಬಿಸಿನೀರು, ಕೊಡೆಯಾಕಾರದ್ದಾದರೆ ಸ್ಥಾವರಕ್ಕೆ ಹೆಚ್ಚುವರಿ ಜಾಲರಿ, ತಿನ್ನುವ ಪ್ರಭೇದವಾದರೆ ಮೀನುಗಾರರಿಗೆ ಖರೀದಿದಾರರ ಮಾಹಿತಿ.

ಜೊತೆಗೆ ಪ್ರಭೇದ ಗುರುತಿಸುವ ವಿದ್ಯೆಗೆ ಹೊಸಬರು ಬರಬೇಕು. ಲೋಳೆಯ ಮೈಯನ್ನು ಹರಿಯದಂತೆ ಸಂಗ್ರಹಿಸುವುದು, ಎಳೆ ಎಣಿಸುವುದು, ಡಿಎನ್‌ಎ ಓದುವುದು ತಾಳ್ಮೆಯ ಕೆಲಸ. ಒಂದೇ ಎಂದುಕೊಂಡಿದ್ದ ಮೂನ್ ಜೆಲ್ಲಿಫಿಶ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳು ಪತ್ತೆಯಾದದ್ದು, ಒಂದೇ ಬ್ಲೂ ಬಾಟಲ್ ನಾಲ್ಕಾದದ್ದು ಇಂಥ ಕೆಲಸದಿಂದಲೇ. ಮುಂದಿನ ಮುಂಗಾರಿನಲ್ಲಿ ಗಿರ್ಗಾಂವ್‌ನ ಮರಳಿನ ಮೇಲೆ ನೀಲಿ ಚೀಲವೊಂದು ಬಿದ್ದಿದ್ದು ಕಂಡರೆ ಮುಟ್ಟಬೇಡಿ. ಒಂದು ಸ್ಪಷ್ಟವಾದ ಫೋಟೊ ತೆಗೆದು, ದಿನಾಂಕ ಮತ್ತು ಜಾಗದ ಹೆಸರಿನ ಸಮೇತ ಹಂಚಿಕೊಳ್ಳಿ. ಎಚ್ಚರಿಕೆಯ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.